ಪಥ್ಯದ ಬಲ, ಪಥ್ಯದ ಮಿತಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆದು ಪರೀಕ್ಷೆಯಲ್ಲಿ ಅಂಕ ಗಳಿಸಿದ ತಲೆಮಾರು ನಮ್ಮದು. ಅದರ ಮೊದಲರ್ಧವನ್ನು ನಾನು ನಿಜವಾಗಿ ಕಲಿತದ್ದು ಅರವತ್ತು ದಾಟಿದ ಮೇಲೆ, ಮಧುಮೇಹ ಬಂದಿದೆಯೆಂದು ವೈದ್ಯರು ಹೇಳಿದಾಗ. ಎರಡನೆಯ ಅರ್ಧವನ್ನು ಕಲಿಯುವಷ್ಟರಲ್ಲಿ ನನ್ನ ಭಾವನವರು ಎಡಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡಿದ್ದರು. ಔಷಧವಿಲ್ಲದೆ, ಬರೀ ಊಟ ಮತ್ತು ನಡಿಗೆಯಿಂದ ಮಧುಮೇಹವನ್ನು ಹತೋಟಿಯಲ್ಲಿಡಬಹುದೇ ಎಂಬುದು ಇಂದು ಮನೆಮನೆಯ ಜಗಲಿಯಲ್ಲಿ, ಉದ್ಯಾನದ ಕಲ್ಲುಬೆಂಚುಗಳ ಮೇಲೆ ದಿನವೂ ನಡೆಯುವ ಚರ್ಚೆ. ಆ ಚರ್ಚೆಯಲ್ಲಿ ಅತ್ಯುತ್ಸಾಹದಿಂದ ಪಾಲ್ಗೊಂಡವರಲ್ಲಿ ನಾನೂ ಒಬ್ಬ. ಆದುದರಿಂದ ಆ ಪ್ರಶ್ನೆಗೆ ಪೂರ್ತಿ ಉತ್ತರ ಹೇಳುವ ಋಣ ನನ್ನ ಮೇಲಿದೆ.

ಸರ್ಕಾರಿ ಸೇವೆಯಿಂದ ನಾನು ನಿವೃತ್ತನಾದದ್ದು 2020ರಲ್ಲಿ. ಸೇವೆಯ ಉದ್ದಕ್ಕೂ ನನಗೆ ನಡಿಗೆಯೆಂದರೆ ಜೀಪಿನಿಂದ ಕಚೇರಿಯ ಮೆಟ್ಟಿಲಿನವರೆಗೆ ಮಾತ್ರ. ಊಟವೆಂದರೆ ಎರಡು ಸಭೆಗಳ ನಡುವೆ ಸಿಕ್ಕಿದ್ದು. ಪ್ರವಾಸಿ ಮಂದಿರದ ಅನ್ನ, ಸಾರು, ಸಭೆಗೊಂದು ಕಾಫಿ, ತಟ್ಟೆಯಲ್ಲಿ ಬಿಸ್ಕತ್ತು. ರಾತ್ರಿ ಹತ್ತಕ್ಕೆ ಮನೆ ಸೇರಿದ ಮೇಲೆ ಹಸಿವೆಗಿಂತ ಹೆಚ್ಚಾಗಿ ದಣಿವಿಗೆಂದು ಉಣ್ಣುವ ಇನ್ನೊಂದು ಊಟ. 2021ರ ಕೊನೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಹೋದಾಗ ರಕ್ತಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯ ಸಕ್ಕರೆ 168, ಎಚ್‌ಬಿಎ1ಸಿ 8.1. ಈ ಎರಡನೆಯ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ, 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. ನಾನು ಹೊಸ್ತಿಲು ದಾಟಿ ನಡುಮನೆಗೆ ಬಂದಿದ್ದೆ.

ವೈದ್ಯರು ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರು. ಜೊತೆಗೆ ಹೇಳಿದರು: ‘ನಿಮ್ಮದು ಹೊಸ ಕಾಯಿಲೆ. ತೂಕ ಇಳಿಸಿದರೆ ಮಾತ್ರೆಯನ್ನು ಕಡಿಮೆ ಮಾಡಲು ಸಾಧ್ಯವಾಗಬಹುದು. ಯಾವಾಗ ಕಡಿಮೆ ಮಾಡಬೇಕೆಂದು ನಾನು ಹೇಳುತ್ತೇನೆ, ನೀವಾಗಿಯೇ ಮಾಡಬೇಡಿ.’ ಈ ಮಾತಿನ ಮೊದಲ ಭಾಗ ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿಯಿತು.

ಅರ್ಥಶಾಸ್ತ್ರ ಓದಿದವನಿಗೆ ಲೆಕ್ಕ ಬರೆಯುವುದು ಕಷ್ಟವಲ್ಲ. ಒಂದು ನೋಟ್‌ಪುಸ್ತಕ ಇಟ್ಟುಕೊಂಡು ತಿಂದದ್ದನ್ನೆಲ್ಲ ಒಂದು ವಾರ ಬರೆದೆ. ಬೆಳಿಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ ಅಥವಾ ಚಪಾತಿ. ಹೆಸರು ಬೇರೆ ಬೇರೆ, ಒಳಗಿರುವುದು ಒಂದೇ ಪಿಷ್ಟ. ತಿಳಿಸಾರಿನಲ್ಲಿ ಬೇಳೆಗಿಂತ ನೀರೇ ಹೆಚ್ಚು, ಪಲ್ಯ ಎಲೆಯ ಮೂಲೆಯಲ್ಲಿ ಒಂದು ಚಮಚ. ಮುಂದಿನ ವಾರದಿಂದ ತಟ್ಟೆಯನ್ನು ತಿರುಗಿಸಿ ಹಾಕಿದೆವು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಹೆಸರುಕಾಳು, ಹುರುಳಿ, ಕಡಲೆ ಅಥವಾ ಗಟ್ಟಿ ಬೇಳೆ. ಉಳಿದ ಕಾಲು ಭಾಗದಲ್ಲಿ ಅನ್ನವೋ ಮುದ್ದೆಯೋ ಒಂದು ಮಾತ್ರ. ರಾತ್ರಿಯ ಊಟ ಏಳೂವರೆಗೆ. ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ, ಪ್ರತಿ ಊಟದ ಬಳಿಕ ಹದಿನೈದು ನಿಮಿಷ. ಕಾಲಿನ ಸ್ನಾಯುಗಳು ದುಡಿಯುವಾಗ ಇನ್ಸುಲಿನ್‌ನ ಹೆಚ್ಚಿನ ನೆರವಿಲ್ಲದೆಯೇ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಉಂಡ ಮೇಲಿನ ಸಣ್ಣ ನಡಿಗೆಗೂ ಫಲವಿದೆ.

ಎಂಟು ತಿಂಗಳಲ್ಲಿ ನನ್ನ ತೂಕ 79 ಕಿಲೋದಿಂದ 70ಕ್ಕೆ ಇಳಿಯಿತು. ಎಚ್‌ಬಿಎ1ಸಿ 6.0ಕ್ಕೆ ಬಂತು. ವೈದ್ಯರು ಮಾತ್ರೆಯನ್ನು ಮೊದಲು ಅರ್ಧ ಮಾಡಿ, 2022ರ ಕೊನೆಗೆ ನಿಲ್ಲಿಸಿದರು. ಮೂರು ತಿಂಗಳ ಬಳಿಕವೂ ಅಂಕಿ 6.1ರಲ್ಲಿಯೇ ಇತ್ತು. ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಅಂಕಿ 6.5ಕ್ಕಿಂತ ಕೆಳಗಿದ್ದರೆ ಅದನ್ನು ‘ಶಮನ’ ಎನ್ನಬೇಕೆಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2021ರಲ್ಲಿ ಹೇಳಿತು. ‘ವಾಸಿ’ ಎಂಬ ಪದವನ್ನು ಅವರು ಬೇಕೆಂದೇ ಬಳಸಲಿಲ್ಲ. ಬೂದಿ ಮುಚ್ಚಿದ ಕೆಂಡ ಆರಿದ ಕೆಂಡವಲ್ಲ. ಆದರೆ ನಾನು ಆಡಿಕೊಂಡ ಮಾತಿನಲ್ಲಿ ಈ ವ್ಯತ್ಯಾಸ ಇರಲಿಲ್ಲ.

2023ರ ಬೇಸಿಗೆಯಲ್ಲಿ ತಿಪಟೂರಿನಲ್ಲಿ ನಮ್ಮ ಬಂಧುಗಳ ಮದುವೆ. ಪಂಕ್ತಿಯಲ್ಲಿ ಒಬ್ಬಟ್ಟನ್ನು ಕೈಯಡ್ಡ ಮಾಡಿ ಬೇಡವೆಂದ ನನ್ನನ್ನು ನೋಡಿ ಪಕ್ಕದವರು ಕಾರಣ ಕೇಳಿದರು. ಕೇಳಿದ್ದೇ ತಡ, ನಾನು ಉಪನ್ಯಾಸ ಆರಂಭಿಸಿದೆ. ಕಾಯಿಲೆ ಬಂತು, ಊಟ ತಿದ್ದಿದೆ, ನಡೆದೆ, ಮಾತ್ರೆ ಬಿಟ್ಟೆ. ನಾಲ್ಕು ವಾಕ್ಯಗಳ ಈ ಕಥೆಯನ್ನು ಅಂದು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಎದುರಿನ ಸಾಲಿನಲ್ಲಿ ಕುಳಿತು ಕೇಳಿಸಿಕೊಂಡವರಲ್ಲಿ ನನ್ನ ಅಕ್ಕನ ಯಜಮಾನರೂ ಇದ್ದರು. ನಿವೃತ್ತ ಶಾಲಾ ಶಿಕ್ಷಕರು, ಹದಿನೆಂಟು ವರ್ಷಗಳ ಮಧುಮೇಹಿ, ಏಳು ವರ್ಷಗಳಿಂದ ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವರು. ‘ನೀನು ಬಿಟ್ಟು ಗೆದ್ದಿದ್ದೀಯಲ್ಲಪ್ಪ, ನಾನ್ಯಾಕೆ ಇನ್ನೂ ಚುಚ್ಚಿಕೊಳ್ಳಲಿ?’ ಎಂದು ನಕ್ಕರು. ತಮಾಷೆಯೆಂದುಕೊಂಡು ನಾನೂ ನಕ್ಕೆ.

ಅದು ತಮಾಷೆಯಾಗಿರಲಿಲ್ಲ. ಊರಿಗೆ ಹೋದವರೇ ಅವರು ಇನ್ಸುಲಿನ್ ನಿಲ್ಲಿಸಿದರು. ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ರಾಗಿ ಅಂಬಲಿ, ದಿನಕ್ಕೆ ಐದು ಕಿಲೋಮೀಟರ್ ನಡಿಗೆ. ತೂಕ ಬೇಗ ಇಳಿಯಿತು. ಅದು ಪಥ್ಯದ ಫಲವೆಂದು ಅವರು ಹಿಗ್ಗಿದರು. ದೇಹ ಸಕ್ಕರೆಯನ್ನು ಬಳಸಲಾಗದೆ ಮೂತ್ರದಲ್ಲಿ ಕಳೆದುಕೊಂಡು ಸೊರಗುತ್ತಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ. ಹಳೆಯ ಮಧುಮೇಹದಿಂದ ಅವರ ಪಾದಗಳ ಸಂವೇದನೆ ಆಗಲೇ ಕುಂದಿತ್ತು. ನಡಿಗೆಗೆಂದೇ ಕೊಂಡ ಹೊಸ ಬಿಗಿ ಷೂ ಎಡಗಾಲನ್ನು ಕಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ನಾಲ್ಕನೆಯ ತಿಂಗಳು ಕಾಲುಚೀಲ ತೊಳೆಯುವಾಗ ಕಲೆ ಕಂಡವರು ಅಕ್ಕ. ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ ನಾನೂರು ದಾಟಿತ್ತು. ಮೂರು ವಾರಗಳ ಚಿಕಿತ್ಸೆಯ ನಂತರ ಕಾಲು ಉಳಿಯಿತು, ಎರಡು ಬೆರಳು ಹೋದವು.

ಭಾವನವರು ಇಂದಿಗೂ ನನ್ನನ್ನು ದೂರಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕ ಒಂದೇ ಮಾತು ಹೇಳಿದಳು: ‘ನೀನು ಅರ್ಧ ಮಾತ್ರ ಹೇಳಿದೆ ಕಣೋ.’ ನಿಜ. ನನ್ನ ಕಾಯಿಲೆ ಒಂದು ವರ್ಷದ್ದು, ಒಂದೇ ಮಾತ್ರೆಯದ್ದು, ವೈದ್ಯರೇ ಹಂತಹಂತವಾಗಿ ನಿಲ್ಲಿಸಿದ್ದು ಎಂಬುದನ್ನು ನಾನು ಹೇಳಿರಲಿಲ್ಲ. ಅವನ್ನು ಸೇರಿಸಿದರೆ ಕಥೆಯಲ್ಲಿ ನನ್ನ ಸಾಧನೆ ಸ್ವಲ್ಪ ಕಡಿಮೆಯಾಗಿ ಕಾಣುತ್ತಿತ್ತು.

ಪಥ್ಯದ ಬಲವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅದು ಈಗ ಅಜ್ಜಿಯ ಮಾತಷ್ಟೇ ಅಲ್ಲ, ಪ್ರಮಾಣೀಕೃತ ವಿಜ್ಞಾನ. ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆಹಾರ ಮತ್ತು ವ್ಯಾಯಾಮದ ಶಿಸ್ತು ಕಾಯಿಲೆಗೆ ತಿರುಗುವ ಪ್ರಮಾಣವನ್ನು ಶೇ 58ರಷ್ಟು ತಗ್ಗಿಸಿದರೆ, ಮೆಟ್‌ಫಾರ್ಮಿನ್ ಶೇ 31ರಷ್ಟು ತಗ್ಗಿಸಿತ್ತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳ ಅವಧಿಯಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ 55ರಷ್ಟು ಮಂದಿ ಮಧುಮೇಹಿಗಳಾದರು. ಜೀವನಶೈಲಿ ತಿದ್ದಿಕೊಂಡವರಲ್ಲಿ ಆ ಪ್ರಮಾಣ ಶೇ 39ರ ಆಸುಪಾಸಿಗೆ ಇಳಿಯಿತು. ಮೆಟ್‌ಫಾರ್ಮಿನ್ ಸೇವಿಸಿದವರದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ದೇಹಕ್ಕೆ ಎರಡೂ ಸರಿಸಮವಾಗಿ ಒದಗಿಬಂದಿದ್ದವು. ಅಷ್ಟಾದರೂ ಶಿಸ್ತಿನಿಂದ ನಡೆದವರಲ್ಲಿಯೂ ಹತ್ತರಲ್ಲಿ ನಾಲ್ವರಿಗೆ ಕಾಯಿಲೆ ಬಂದೇ ಬಂತು ಎಂಬುದನ್ನೂ ಗಮನಿಸಬೇಕು.

ಕಾಯಿಲೆ ಬಂದ ಮೇಲೆ ಅದನ್ನು ಹಿಂದಕ್ಕೆ ಕಳಿಸಬಹುದೇ? ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಮೊದಲ ಫಲಿತಾಂಶ ಹೊರಬಂದ ‘ಡೈರೆಕ್ಟ್’ ಅಧ್ಯಯನ ಈ ಪ್ರಶ್ನೆಗೆ ಉತ್ತರ ಹುಡುಕಿತು. ದಿನಕ್ಕೆ ಸುಮಾರು 850 ಕ್ಯಾಲರಿಗಳ ಕಠಿಣ ಪಥ್ಯವನ್ನು ಮೂರರಿಂದ ಐದು ತಿಂಗಳು ಮಾಡಿಸಿ, ಬಳಿಕ ಕ್ರಮೇಣ ಸಾಮಾನ್ಯ ಆಹಾರಕ್ಕೆ ಮರಳಿಸಲಾಯಿತು. ಒಂದು ವರ್ಷದ ಕೊನೆಗೆ ಶೇ 46ರಷ್ಟು ಮಂದಿ ಔಷಧವಿಲ್ಲದೆ ಶಮನದಲ್ಲಿದ್ದರು. ತೂಕ 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ ಶೇ 86. ಹೊಗಳಿ ಹಾಡುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ಉಳಿದರ್ಧ ಹೀಗಿದೆ: ಅಧ್ಯಯನಕ್ಕೆ ಆರಿಸಿಕೊಂಡದ್ದು ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರನ್ನು, ಇನ್ಸುಲಿನ್ ತೆಗೆದುಕೊಳ್ಳದವರನ್ನು ಮಾತ್ರ. ಎರಡನೆಯ ವರ್ಷದ ಕೊನೆಗೆ ಶಮನದಲ್ಲಿ ಉಳಿದವರು ಶೇ 36. ಐದನೆಯ ವರ್ಷದ ಹೊತ್ತಿಗೆ ಆ ಪ್ರಮಾಣ ಇನ್ನಷ್ಟು ಕುಸಿದಿತ್ತು. ತೂಕ ಮರಳಿದವರಿಗೆ ಕಾಯಿಲೆಯೂ ಮರಳಿತು.

ಇದರ ಒಳಮರ್ಮವನ್ನು ನಾನು ಅಸಲು-ಬಡ್ಡಿಯ ಭಾಷೆಯಲ್ಲಿ ಅರ್ಥಮಾಡಿಕೊಂಡಿದ್ದೇನೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಉತ್ಪಾದಿಸುವ ನಮ್ಮ ಬಂಡವಾಳ. ಎರಡನೆಯ ಬಗೆಯ ಮಧುಮೇಹ ಪತ್ತೆಯಾಗುವ ವೇಳೆಗೆ ಈ ಬಂಡವಾಳದ ಸುಮಾರು ಅರ್ಧದಷ್ಟು ಶಕ್ತಿ ಕುಂದಿರುತ್ತದೆಂದು ಬ್ರಿಟನ್ನಿನ ದೀರ್ಘ ಅಧ್ಯಯನವೊಂದು ತೋರಿಸಿತ್ತು. ಯಕೃತ್ತಿನಲ್ಲಿ, ಮೇದೋಜೀರಕದಲ್ಲಿ ಸೇರಿದ ಕೊಬ್ಬನ್ನು ಆರಂಭದ ವರ್ಷಗಳಲ್ಲಿಯೇ ಕರಗಿಸಿದರೆ ದಣಿದ ಕೋಶಗಳು ಚೇತರಿಸಿಕೊಳ್ಳಬಹುದು. ವರ್ಷಗಳು ಉರುಳಿದಂತೆ ಕೋಶಗಳೇ ನಶಿಸುತ್ತವೆ. ಅಸಲೇ ಕರಗಿಹೋದವನಿಗೆ ಖರ್ಚು ಕಡಿಮೆ ಮಾಡೆಂದು ಹೇಳಿದರೆ ಸಾಲದು. ಹೊರಗಿನಿಂದ ಬಂಡವಾಳ ತರಲೇಬೇಕು. ಭಾವನವರಿಗೆ ಇನ್ಸುಲಿನ್ ಅಂಥ ಬಂಡವಾಳವಾಗಿತ್ತು.

ಇನ್ನು ಮಕ್ಕಳಲ್ಲಿಯೂ ಎಳೆಯರಲ್ಲಿಯೂ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಪಥ್ಯವೊಂದರಿಂದ ಏನೂ ಆಗದು. ಈ ಪ್ರಯೋಗವನ್ನು ಮನುಕುಲ ಒಮ್ಮೆ ಮಾಡಿ ನೋಡಿದೆ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ಎಂಬ ವೈದ್ಯರು ರೋಗಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಆಯುಷ್ಯವನ್ನು ಕೆಲ ತಿಂಗಳು, ಕೆಲ ವರ್ಷ ಹಿಗ್ಗಿಸುತ್ತಿದ್ದರು. ಮಕ್ಕಳು ಎಲುಬಿನ ಹಂದರವಾಗಿ ಸಾಯುತ್ತಿದ್ದರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಹದಿನಾಲ್ಕರ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಿದರು. ಅವನು ಮತ್ತೆ ಹದಿಮೂರು ವರ್ಷ ಬದುಕಿದ. ಇನ್ಸುಲಿನ್ ‘ಚಟ’ವಾಗುತ್ತದೆ ಎಂದು ಹೆದರಿಸುವವರು ಈ ಇತಿಹಾಸವನ್ನು ನೆನೆಯಬೇಕು.

ಔಷಧ ತೆಗೆದುಕೊಳ್ಳುತ್ತಲೇ ಪಥ್ಯವನ್ನು ಏಕಾಏಕಿ ಬಿಗಿ ಮಾಡುವುದರಲ್ಲಿಯೂ ಅಪಾಯವಿದೆ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ನಾವು ಉಣ್ಣುವ ಪ್ರಮಾಣವನ್ನು ನಂಬಿ ಬರೆದುಕೊಟ್ಟವು. ಊಟ ಅರ್ಧವಾಗಿ ಮಾತ್ರೆ ಹಾಗೆಯೇ ಉಳಿದರೆ ಸಕ್ಕರೆ ಹಠಾತ್ತನೆ ಕುಸಿದು ಮನುಷ್ಯ ಬೆವತು, ನಡುಗಿ, ಪ್ರಜ್ಞೆ ತಪ್ಪಬಹುದು. ಇತ್ತೀಚಿನ ಕೆಲವು ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಅವನ್ನು ಸೇವಿಸುತ್ತ ಕಟ್ಟುನಿಟ್ಟಾದ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಸಂಭವವುಂಟು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಕಾಳುಬೇಳೆಯ ಪ್ರಮಾಣದಲ್ಲಿಯೂ ಮಿತಿಯಿದೆ. ಹೀಗೆ ಪಥ್ಯವೂ ಒಂದು ಔಷಧವೇ. ಅದಕ್ಕೂ ಪ್ರಮಾಣವಿದೆ, ಅಡ್ಡಪರಿಣಾಮವಿದೆ, ಅದನ್ನು ಬರೆದುಕೊಡಬಲ್ಲವರ ಅಗತ್ಯವಿದೆ.

‘ಮಾತ್ರೆಯೋ, ಪಥ್ಯವೋ’ ಎಂದು ಎರಡನ್ನೂ ಎದುರುಬದುರು ನಿಲ್ಲಿಸಿದ್ದೇ ತಪ್ಪೆಂದು ನನಗೀಗ ಅನ್ನಿಸುತ್ತದೆ. ಮೆಟ್‌ಫಾರ್ಮಿನ್‌ನ ವಂಶಮೂಲ ಯುರೋಪಿನ ಹಳ್ಳಿಗಾಡಿನ ಗ್ಯಾಲೆಗಾ ಎಂಬ ಗಿಡ. ಅದರ ಗುಣ ಬೆನ್ನಟ್ಟಿ ಹೊರಟ ಸಂಶೋಧನೆ 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಅವರ ಕೈಯಲ್ಲಿ ಮಾತ್ರೆಯಾಯಿತು. ಜನೌಷಧಿ ಕೇಂದ್ರದಲ್ಲಿ ಇಂದು ಒಂದು ಮಾತ್ರೆಗೆ ಕೆಲವೇ ರೂಪಾಯಿ. ಇದನ್ನು ‘ರಾಸಾಯನಿಕ’ವೆಂದು ದೂರುವವರೇ, ‘ಮೂರು ತಿಂಗಳಲ್ಲಿ ಬುಡಸಮೇತ ವಾಸಿ’ ಎಂಬ ಭರವಸೆಯ ಪುಡಿಗೆ ಸಾವಿರಾರು ರೂಪಾಯಿ ತೆರುತ್ತಾರೆ. ಮಧುಮೇಹವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸಿದೆ. ಅದರ ಪಟ್ಟಿಯಲ್ಲಿ ಮಧುಮೇಹದ ಹೆಸರು ಸ್ಪಷ್ಟವಾಗಿದೆ. ಎಪ್ಪತ್ತು ವರ್ಷ ಮೀರಿದ ಕಾನೂನು ಕಪಾಟಿನಲ್ಲಿದೆ, ಜಾಹೀರಾತು ಗೋಡೆಗಳ ಮೇಲೂ ಕೈಯ ಮೊಬೈಲ್‌ನಲ್ಲೂ ಇದೆ.

ಇಷ್ಟು ಹೇಳಿದ ಮೇಲೆ ನನ್ನ ಓದಿಗೆ ಸಂಬಂಧಿಸಿದ ಪ್ರಶ್ನೆಗೆ ಬರಬೇಕು. ಪಥ್ಯದ ಬೆಲೆ ಎಷ್ಟು, ಅದನ್ನು ತೆರುವವರು ಯಾರು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಮಂದಿ ಹೊಸ್ತಿಲಲ್ಲಿದ್ದಾರೆ. ಇವರೆಲ್ಲ ಹೊಟ್ಟೆಬಾಕರಲ್ಲ, ಸ್ಥೂಲಕಾಯರೂ ಅಲ್ಲ. ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದಲ್ಲಿನ ಕೊಬ್ಬು ಆಂಗ್ಲ ಮಿತ್ರರಲ್ಲಿ ಶೇ 9.1, ನಮ್ಮವರಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯನ ಹೊಟ್ಟೆಯೊಳಗೆ ಕೊಬ್ಬು ಅಡಗಿರುತ್ತದೆ. ತಲೆಮಾರುಗಳ ಅಪೌಷ್ಟಿಕತೆಯ ಮೇಲೆ ಅಕ್ಕಿ, ಸಕ್ಕರೆ, ಎಣ್ಣೆಗಳ ಸಮೃದ್ಧಿ ಬಂದು ಕುಳಿತಾಗ ಆಗುವ ಪರಿಣಾಮವಿದು.

ನನ್ನ ಸೇವೆಯ ಕೆಲವು ವರ್ಷಗಳು ಪಡಿತರ ವಿತರಣೆಗೆ ಸಂಬಂಧಿಸಿದ ಹುದ್ದೆಯಲ್ಲಿ ಕಳೆದವು. ಕ್ವಿಂಟಲ್‌ಗಳನ್ನು ಎಣಿಸಿದೆವು, ಹಸಿವನ್ನು ಹಿಮ್ಮೆಟ್ಟಿಸಿದೆವು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವನ ಮನೆಯಲ್ಲಿ ಎರಡು ಹೊತ್ತಿನ ಒಲೆ ಹೊತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಲೇವಡಿ ಮಾಡುವವರ ಸಾಲಿಗೆ ನಾನು ಸೇರಲಾರೆ. ಆದರೆ ಅಕ್ಕಿ ಅಗ್ಗವಾಗಿ ಬೇಳೆ ದುಬಾರಿಯಾಗಿ ಉಳಿದಾಗ ತಟ್ಟೆಯ ಸ್ವರೂಪವನ್ನು ಬೆಲೆಯೇ ನಿರ್ಧರಿಸುತ್ತದೆ. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ಧಾನ್ಯಗಳಿಂದ ಬರುವ ಕ್ಯಾಲರಿ ಶೇ 45ನ್ನು ಮೀರಬಾರದೆಂದು ಹೇಳುತ್ತದೆ. ಬಡವರ ತಟ್ಟೆ ಆ ಮಿತಿಯಿಂದ ಬಹಳ ದೂರದಲ್ಲಿದೆ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ನೀಡುವ ತೀರ್ಮಾನವನ್ನು ರಾಜ್ಯ ಸರ್ಕಾರ 2025ರಲ್ಲಿ ಕೈಗೊಂಡಿತು. ಆ ಚಿಂತನೆಯ ದಿಕ್ಕು ಸರಿಯಾದುದು. ಅದರಲ್ಲಿ ಕಾಳುಬೇಳೆಯ ಪಾಲು ದೊಡ್ಡದಾಗಲಿ.

ರಾಗಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ದೇಶದಲ್ಲಿಯೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಅದರಲ್ಲಿ ನಾರಿದೆ, ಸುಣ್ಣದ ಅಂಶ ಹೇರಳವಾಗಿದೆ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಪಿಷ್ಟವೂ ಇದೆ. ನಮ್ಮ ಹಿರಿಯರು ಎರಡು ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದರು, ನಾವು ಉಂಡು ದೂರದರ್ಶನದ ಮುಂದೆ ಕೂರುತ್ತೇವೆ. ನುಣ್ಣನೆಯ ಹಿಟ್ಟಿನ ತೆಳು ಅಂಬಲಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಭಾವನವರು ಅಂಬಲಿಯನ್ನು ಔಷಧವೆಂದು ನಂಬಿ ದೊಡ್ಡ ಲೋಟದಲ್ಲಿ ಕುಡಿಯುತ್ತಿದ್ದರು. ಯಾವ ಧಾನ್ಯಕ್ಕೂ ಅಳತೆಯ ವಿನಾಯಿತಿ ಇಲ್ಲ.

ಪಥ್ಯಕ್ಕೆ ಹಣವಲ್ಲದೆ ವೇಳೆಯೂ ಬೇಕು. ನನ್ನ ಯಶಸ್ಸಿನಲ್ಲಿ ಅರ್ಧ ಪಾಲು ನನ್ನ ಪತ್ನಿಯದು. ಸೊಪ್ಪು ಬಿಡಿಸಿದವರು, ಕಾಳು ಮೊಳಕೆ ಕಟ್ಟಿದವರು, ಮನೆಮಂದಿಗೊಂದು ನನಗೊಂದು ಎಂದು ಎರಡು ಅಡುಗೆ ಮಾಡಿದವರು ಅವರು. ಈ ದುಡಿಮೆ ಯಾವ ರಾಷ್ಟ್ರೀಯ ವರಮಾನದ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೂ ಸಕ್ಕರೆ ಕಾಯಿಲೆಯಿದೆ. ಬೆಳಿಗ್ಗೆ ಆರಕ್ಕೆ ಹೊರಟು ಮೂರು ಮನೆ ಮುಗಿಸುವ ಆಕೆಗೆ ನಾನು ಊಟದ ಕ್ರಮ ವಿವರಿಸಿದಾಗ ಆಕೆ ಹೇಳಿದ್ದು: ‘ಪಥ್ಯ ಮಾಡೋಕೂ ಪುರುಸೊತ್ತು ಬೇಕು ಸಾರ್. ಮಾತ್ರೆ ಆದ್ರೆ ನೀರು ಕುಡಿದಂಗೆ ನುಂಗ್ತೀನಿ.’ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಔಷಧವನ್ನು ಹೀಗಳೆಯುವ ನಮ್ಮಂತಹ ಪಿಂಚಣಿದಾರರು ಆಕೆಯ ಬದುಕನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಏನು ಮಾಡಬಹುದು? ಮಧುಮೇಹ ಮುಂತಾದ ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕೆ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಮೂವತ್ತು ದಾಟಿದವರ ತಪಾಸಣೆ ಅದರ ಭಾಗ. ತಪಾಸಣೆಯಲ್ಲಿ ಹೊಸ್ತಿಲಲ್ಲಿರುವವರು ಕಂಡುಬಂದಾಗ ‘ಸಿಹಿ ಕಡಿಮೆ ಮಾಡಿ’ ಎಂಬ ಒಂದು ಸಾಲಿನ ಉಪದೇಶ ಸಾಲದು. ಅಲ್ಲಿನ ಅಡುಗೆಯನ್ನು ಬಲ್ಲ, ಜೋಳದ ರೊಟ್ಟಿಯ ಊರಿಗೊಂದು, ಕುಚ್ಚಲಕ್ಕಿಯ ಊರಿಗೊಂದು ತಟ್ಟೆ ಹೊಂದಿಸಿಕೊಡಬಲ್ಲ ಆಹಾರ ಸಲಹೆಗಾರರು ಪ್ರತಿ ತಾಲ್ಲೂಕಿನಲ್ಲಿ ಬೇಕು. ಎಚ್‌ಬಿಎ1ಸಿ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ವರ್ಷಕ್ಕೆರಡು ಬಾರಿಯಾದರೂ ಸುಲಭವಾಗಿ ಸಿಗಬೇಕು. ಹಳೆಯ ಮಧುಮೇಹಿಗಳ ಪಾದಗಳನ್ನು ವರ್ಷಕ್ಕೊಮ್ಮೆ ನೋಡುವುದಕ್ಕೆ ಯಂತ್ರವೇ ಬೇಡ, ಒಂದು ನೈಲಾನ್ ಎಳೆ ಸಾಕು. ಆ ಎಳೆ ಭಾವನವರ ಪಾದವನ್ನು ಸಕಾಲದಲ್ಲಿ ಮುಟ್ಟಿದ್ದರೆ ಆ ಷೂ ಅವರ ಕಾಲಿಗೆ ಏರುತ್ತಿರಲಿಲ್ಲ. ಪಾದಚಾರಿ ಮಾರ್ಗಗಳನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟರೆ ಅದೂ ಆರೋಗ್ಯ ಯೋಜನೆಯೇ. ಇವೆಲ್ಲದರ ಖರ್ಚನ್ನು, ಮೂತ್ರಪಿಂಡ ಸೋತವರಿಗೆ ವಾರಕ್ಕೆ ಎರಡು ಮೂರು ಬಾರಿ ಮಾಡಬೇಕಾದ ಡಯಾಲಿಸಿಸ್‌ನ ಖರ್ಚಿನ ಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದು ಹೂಡಿಕೆ, ಎರಡನೆಯದು ದಂಡ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಕಾಯಿಲೆ ಹೊಸದಾಗಿ ಪತ್ತೆಯಾಗಿದ್ದರೆ ಎದೆಗುಂದಬೇಡಿ. ಮೊದಲ ಕೆಲವು ವರ್ಷಗಳು ಅಮೂಲ್ಯ. ವೈದ್ಯರಿಗೆ ತಿಳಿಸಿ ತಟ್ಟೆಯನ್ನು ತಿದ್ದಿ, ತೂಕ ಇಳಿಸಿ, ನಡೆಯಿರಿ. ಕಾಯಿಲೆ ಹಳೆಯದಾಗಿದ್ದರೂ ಪಥ್ಯದಿಂದ ಔಷಧದ ಪ್ರಮಾಣ ಇಳಿಯಬಹುದು, ತೊಡಕುಗಳು ದೂರವಾಗಬಹುದು. ಆದರೆ ಇನ್ನೊಬ್ಬರ ಗೆಲುವಿನ ಕಥೆ ಕೇಳಿ ಒಂದೇ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ, ಆ ಕಥೆ ಹೇಳಿದವನು ನಿಮ್ಮ ಭಾವಮೈದನೇ ಆಗಿದ್ದರೂ.

ಕೊನೆಯದಾಗಿ ನನ್ನ ಕಥೆಯ ಉಳಿದ ಭಾಗ. 2025ರ ಮಧ್ಯದಲ್ಲಿ ನನ್ನ ಅಂಕಿ 6.8ಕ್ಕೆ ಏರಿತು. ತೂಕ ಮೂರು ಕಿಲೋ ಮರಳಿತ್ತು, ವಯಸ್ಸೂ ತನ್ನ ಪಾಲು ಕೇಳಿತ್ತು. ವೈದ್ಯರು ಒಂದು ಮಾತ್ರೆ ಮತ್ತೆ ಆರಂಭಿಸಿದರು. ಆ ಚೀಟಿ ಹಿಡಿದು ಔಷಧ ಅಂಗಡಿಯ ಮುಂದೆ ನಿಂತಾಗ, ಪರಿಚಿತರು ಯಾರಾದರೂ ನೋಡಿಯಾರೆಂದು ಸುತ್ತ ಕಣ್ಣಾಡಿಸಿದೆ. ಆ ನಾಚಿಕೆ ಎಷ್ಟು ಅರ್ಥಹೀನವೆಂದು ಹೊಳೆದದ್ದು ಮನೆಗೆ ಬಂದ ಮೇಲೆ. ಮೊದಲು ಭಾವನವರಿಗೇ ದೂರವಾಣಿ ಮಾಡಿ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಈಗ ನಾವಿಬ್ಬರೂ ಒಂದೇ ಪಂಕ್ತಿ ಅನ್ನು’ ಎಂದರು. ಬಳಿಕ, ಷೂ ಕೊಳ್ಳುವಾಗ ಒಂದು ಅಳತೆ ದೊಡ್ಡದನ್ನೇ ಕೊಳ್ಳು ಎಂದು ನೆನಪಿಸಿದರು.